ಹಸಿರು ನಕ್ಷತ್ರ

ಫೆಬ್ರವರಿ ೯, ಭಾನುವಾರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ, ನನ್ನ ಎಡ ಮೊಣಕಾಲೊಂದನ್ನು ಬಿಟ್ಟು. ಅದು ಹೇಳಿದ ಮಾತು ಕೇಳದೆ ವರ್ಷವಾಯಿತು. ನೀನೂ ಮೊಮ್ಮಗಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಅವಳ ಮುಂದಿನ ಹಲ್ಲು ಬಂತೇ? ಫೋನಿನಲ್ಲಿ ಇನ್ನೂ "ಅಜ್ಜಿ"ಯ ಜಾಗದಲ್ಲಿ ಬರೀ ಗಾಳಿ ಬರುತ್ತದೆ.

ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ಎರಡು ಸಲ "ಕಾಗದ ಸಿಕ್ತೇನಮ್ಮ?" ಎಂದು ಕೇಳಿದೆ. ಎರಡು ಸಲವೂ ನಾನು ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟೆ. ಒಬ್ಬಳಿಗೆ ಅದೆಷ್ಟು ಹಾಲು ಕಾಯಿಸುತ್ತೀಯಮ್ಮ ಎಂದು ನೀನು ಕೇಳಲಿಲ್ಲ. ನೀನು ಕೆದಕಿ ಕೇಳುವವಳೇ ಅಲ್ಲ, ಚಿಕ್ಕಂದಿನಿಂದಲೂ.

ಕಾಗದ ಚೆನ್ನಾಗಿತ್ತು ಕಣೇ. ಶಾಲೆಯ ಹೆಸರು ಅಚ್ಚಾದ ಹಾಳೆ, ಮೇಲೆ "ಮಾನ್ಯರೇ" ಎಂಬ ಗತ್ತು, ಕೆಳಗೆ ಮುಖ್ಯೋಪಾಧ್ಯಾಯಿನಿ ಎಂದು ನಿನ್ನ ಸಹಿ, ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ "ಇಲ್ಲ ಅನ್ನಬೇಡಮ್ಮ". ನಿಮ್ಮ ಬಡಾವಣೆಯವರಿಗೆ ಠಾಣೆ ಎಂದರೆ ಆಗುವುದಿಲ್ಲ, ಪೊಲೀಸರು ಶಾಲೆಗೆ ಬರುವ ದಿನ ಮಕ್ಕಳನ್ನು ಕಳಿಸುವುದಿಲ್ಲ ಎನ್ನುತ್ತಿದ್ದಾರೆ, ಅಮ್ಮಾ, ನೀನು ಬಂದು ನಿನ್ನ ಮೂರು ಮಾತಿನ ಪಾಠ ಮಾಡಿಕೊಡು, ನಿನ್ನ ಮುಖ ನೋಡಿದರೆ ಎಂಥವರಿಗೂ ಪೊಲೀಸರ ಮೇಲೆ ನಂಬಿಕೆ ಬರುತ್ತದೆ ಎಂದು ಬರೆದಿದ್ದೀಯ. "ಮೂರನೇ ಮಾತನ್ನಂತೂ ನಿನ್ನ ಬಾಯಲ್ಲೇ ಕೇಳಬೇಕು" ಎಂದೂ ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಸುಮ್ಮನೆ ಬರೆದೆಯೋ, ಬೇಕೆಂದೇ ಬರೆದೆಯೋ ನನಗೆ ತಿಳಿಯಲಿಲ್ಲ.

ನಾನು ಬಂದು ಆ ಪಾಠ ಮಾಡಲಾರೆ. ಯಾಕೆ ಎಂದು ಬರೆಯುವುದಕ್ಕೇ ಇಷ್ಟು ದಿನ ಹಿಡಿಯಿತು. ಮೂವತ್ತೊಂದು ವರ್ಷ ಠಾಣೆಯಲ್ಲಿ ಕೂತು ಬೇರೆಯವರ ಹೇಳಿಕೆ ಬರೆದುಕೊಂಡ ಕೈ ಇದು. ತನ್ನದನ್ನು ಬರೆ ಎಂದರೆ ಮುಷ್ಕರ ಹೂಡುತ್ತಿದೆ.

ಮೊದಲು ನಗುವ ಸುದ್ದಿ ಹೇಳುತ್ತೇನೆ. ಹೋದ ಸೋಮವಾರ ನಿನ್ನಮ್ಮ ತನ್ನ ಮನೆಯಿಂದ ತಾನೇ ಆಚೆ ಬಿದ್ದಳು. ಒಗೆದ ಬಟ್ಟೆ ಹರವಲು ಹೊರಗೆ ಬಂದೆ, ಗಾಳಿಗೆ ಬಾಗಿಲು ಹಾಕಿಕೊಂಡಿತು. ಬೀಗದ ಕೈ ಒಳಗೆ, ಅಕ್ಕಿ ಡಬ್ಬದಲ್ಲಿ. ಬೀರುವಿನದು ಕನ್ನಡಕದ ಪೆಟ್ಟಿಗೆಯಲ್ಲಿ, ಗೇಟಿನದು ಹೂಕುಂಡದ ಕೆಳಗೆ. ಲೋಕವೆಲ್ಲ ಬೀಗದ ಕೈಗಳನ್ನು ಗೊಂಚಲು ಮಾಡಿ ಇಟ್ಟುಕೊಂಡರೆ ನಮ್ಮಮ್ಮ ಒಂದೊಂದಕ್ಕೂ ಒಂದೊಂದು ಮನೆ ಕಟ್ಟಿಸಿದ್ದಾಳೆ ಎಂದು ನೀನು ಎಷ್ಟು ಗೇಲಿ ಮಾಡಿಲ್ಲ. ಪೊಲೀಸ್ ಬುದ್ಧಿ ಎಂದು ನಿಮ್ಮಪ್ಪನೂ ನಗುತ್ತಿದ್ದರು. ಬುದ್ಧಿಯಲ್ಲ ಮಗಳೇ. ಗೊಂಚಲಿನ ಸದ್ದು ನನಗೆ ಆಗುವುದಿಲ್ಲ.

ಎದುರು ಮನೆಯ ನರ್ಸ್ ಫೋನ್ ಮಾಡಿ ಬೀಗ ರಿಪೇರಿಯವರನ್ನು ಕರೆಸಿದಳು. ಸ್ಕೂಟರಿನಲ್ಲಿ ಬಂದದ್ದು ಒಬ್ಬ ಹೆಂಗಸು, ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಸೊಂಟದಲ್ಲಿ ಇಷ್ಟು ದಪ್ಪ ಗೊಂಚಲು. ಮೆಟ್ಟಿಲು ಹತ್ತುವಾಗ ಅದರ ಸದ್ದಿಗೇ ನಾನು ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಅವಳು ಬಾಗಿಲಿಗೆ ಕಿವಿಯಿಟ್ಟು, ತಂತಿಯನ್ನು ಒಳಗೆ ಬಿಟ್ಟು, ಕಣ್ಣು ಮುಚ್ಚಿಕೊಂಡು ತಿರುಗಿಸಿದಳು. ಹಾಗೆ ಕಣ್ಣು ಮುಚ್ಚಿ ಬೀಗ ತೆಗೆಯುತ್ತಿದ್ದ ಇನ್ನೊಬ್ಬನನ್ನು ನಾನು ನೋಡಿದ್ದೆ. ಬಾಗಿಲು ತೆರೆಯಿತು. ಅವಳು ನನ್ನತ್ತ ತಿರುಗಿ, "ನೀವು ಪೊಲೀಸ್ ಆಂಟಿ ಅಲ್ವಾ? ನಾನು ಬಟಾಣಿ" ಎಂದಳು.

ಬಟಾಣಿ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಮೊದಲಿಂದ ಬರೆಯುತ್ತೇನೆ. ಹೇಳಿಕೆ ಓದುವವರಿಗೆ ಎಲ್ಲ ಗೊತ್ತಿದೆ ಎಂದುಕೊಂಡು ಬರೆಯಬಾರದು, ನಮ್ಮ ಕಸುಬಿನಲ್ಲಿ ಕಲಿಸುವ ಮೊದಲ ಪಾಠ ಅದು.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವಳಪ್ಪನ ಬೀಗದಂಗಡಿ. ಎಲ್ಲಿ ಕಳ್ಳತನವಾದರೂ ನಮ್ಮವರು ಮೊದಲು ಎಳೆದು ತರುತ್ತಿದ್ದದ್ದು ಅವನನ್ನು. ಬೀಗ ತೆಗೆಯಲು ಬರುತ್ತದೆ ಎನ್ನುವುದೇ ಅವನ ಅಪರಾಧ. ಎರಡು ದಿನ ಕೂರಿಸಿ, ಏನೂ ಸಿಗದೆ ಕಳಿಸುತ್ತಿದ್ದರು. ಆ ಬೀದಿಯ ಮಕ್ಕಳು ಯೂನಿಫಾರಂ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದವು. ಶಾಲೆಗಳಲ್ಲಿ ಪಾಠ ಮಾಡುವ ಯೋಚನೆ ಬಂದಾಗ ನನಗೆ ಹೊಳೆದದ್ದು ಒಂದೇ: ಅಪ್ಪಂದಿರು ನಂಬದ ಠಾಣೆಗೆ ಮಕ್ಕಳು ಓಡಿ ಬರುವುದಿಲ್ಲ.

ಹೋಗಿ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಮೊದಲ ವಾರ ಅವನು ತಲೆಯೆತ್ತಲಿಲ್ಲ. ಎರಡನೇ ವಾರ ಟೀ ತರಿಸಿದ. ನಾನು ಸಾಹೇಬರ ಹತ್ತಿರ ಜಗಳವಾಡಿ ಅವನನ್ನು ಎಳೆತರುವುದನ್ನು ನಿಲ್ಲಿಸಿದೆ. ಆಮೇಲೊಮ್ಮೆ ನಮ್ಮ ಲಾಕಪ್ಪಿನ ಬೀಗ ಕೆಟ್ಟಾಗ ಅವನೇ ಬಂದು ಸರಿಮಾಡಿದ. "ಇದನ್ನ ಒಳಗಿಂದ ಎಷ್ಟು ಸಲ ನೋಡಿದೀನಿ, ಇದರ ಕಾಯಿಲೆ ನನಗೆ ಗೊತ್ತು" ಎಂದ. ಇಡೀ ಠಾಣೆ ಬಿದ್ದು ಬಿದ್ದು ನಕ್ಕಿತು. ಮುಂದಿನ ವಾರ ಎಂಟು ವರ್ಷದ ಮಗಳನ್ನು ಕೈಹಿಡಿದು ತಂದು ನನ್ನ ಕ್ಲಾಸಿನಲ್ಲಿ ಕೂರಿಸಿದ. ದುಂಡು ಮುಖ, ಕೂರಿಸಿದ ಕಡೆ ಕೂರುವುದಿಲ್ಲ, ಉರುಳುತ್ತಲೇ ಇರುತ್ತಾಳೆ. ಅದಕ್ಕೇ ಬಟಾಣಿ. ಅವಳ ಹಿಂದೆ ಆ ಬೀದಿಯ ಮಕ್ಕಳೆಲ್ಲ ಬಂದರು.

ನನ್ನ ಪಾಠದಲ್ಲಿ ಮೂರೇ ಮಾತು. ಗುರುತಿಲ್ಲದವರು ಕರೆದರೆ, ಅಪ್ಪ ಅಮ್ಮ ಕಳಿಸಿದ್ದಾರೆ ಅಂದರೂ, ಹೋಗಬೇಡ. ಹೆದರಿಕೆಯಾದರೆ ಠಾಣೆಗೆ ಓಡಿ ಬಾ, ಅದು ನಿನ್ನ ಇನ್ನೊಂದು ಮನೆ. ಯಾವ ದೊಡ್ಡವರಾದರೂ "ಇದನ್ನು ಯಾರಿಗೂ ಹೇಳಬೇಡ" ಅಂದರೆ, ಅದನ್ನೇ ಮೊದಲು ಹೇಳು. ಸರಿಯಾಗಿ ಒಪ್ಪಿಸಿದವರ ಕೈಮೇಲೆ ಒಂದು ಕೆಂಪು ನಕ್ಷತ್ರ ಅಂಟಿಸುತ್ತಿದ್ದೆ.

ಬರೀ ಬಾಯಿಪಾಠ ಸಾಲದು ಎಂದು ಪರೀಕ್ಷೆಯನ್ನು ಕಂಡುಹಿಡಿದವಳೂ ನಾನೇ. ಮಂಗಳವಾರಗಳಂದು ಶಾಲೆ ಬಿಡುವ ಹೊತ್ತಿಗೆ ನಮ್ಮ ಠಾಣೆಯ ಒಬ್ಬ ಪೇದೆ, ನಾಟಕದವನು ಎಂದೇ ಕರೆಯುತ್ತಿದ್ದೆವಲ್ಲ, ಅವನು ಮಫ್ತಿಯಲ್ಲಿ ಬೀದಿಯಲ್ಲಿ ನಿಂತು ಯಾವುದಾದರೂ ಒಂದು ಮಗುವನ್ನು ಕರೆಯುತ್ತಿದ್ದ. ನಿಮ್ಮಮ್ಮ ಕಳಿಸಿದ್ದಾರೆ ಬಾ, ನಾಯಿಮರಿ ತೋರಿಸ್ತೀನಿ ಬಾ ಎಂದು. ಮಗು ಹೋಗದೆ ಠಾಣೆಗೆ ಓಡಿ ಬಂದರೆ ಪಾಸು, ಕೈಮೇಲೆ ಹಸಿರು ನಕ್ಷತ್ರ. ಕೆಂಪು ಕ್ಲಾಸಿಗೆ, ಹಸಿರು ಪರೀಕ್ಷೆಗೆ ಮಾತ್ರ. ಯಾವತ್ತು ಯಾರ ಸರದಿ ಎಂದು ಮಕ್ಕಳಿಗೆ ಗೊತ್ತಿರುತ್ತಿರಲಿಲ್ಲ, ಪರೀಕ್ಷೆ ಇದೆ ಎನ್ನುವುದು ಮಾತ್ರ ಗೊತ್ತಿತ್ತು. ಹಾಗಾಗಿ ಎಲ್ಲ ನಗುತ್ತಾ, ಕೇಕೆ ಹಾಕುತ್ತಾ ಬರುತ್ತಿದ್ದವು. ನಾನು ನಕ್ಷತ್ರ ಅಂಟಿಸಿ, ಬೆನ್ನು ತಟ್ಟಿ, "ಇನ್ನು ಮನೆಗೆ ಓಡು" ಎಂದು ಕಳಿಸುತ್ತಿದ್ದೆ.

ಆ ಮಂಗಳವಾರ ನಾನು ಮೇಜಿನ ಮುಂದೆ ಕೂತು ತಿಂಗಳ ವರದಿ ಬರೆಯುತ್ತಿದ್ದೆ. ಬಟಾಣಿ ಬಂದು ಬಾಗಿಲಲ್ಲಿ ನಿಂತಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಆಂಟಿ, ಒಬ್ಬರು ನಿಮ್ಮಪ್ಪ ಕಳಿಸಿದಾರೆ ಬಾ ಅಂತಾರೆ. ಗೊಂಚಲು ಅಲ್ಲಾಡಿಸಿ ತೋರಿಸ್ತಾರೆ. ಅದು ಅಪ್ಪನ ಗೊಂಚಲಲ್ಲ ಆಂಟಿ. ಅಪ್ಪನದು ಬೇರೆ ಸದ್ದು ಮಾಡುತ್ತೆ" ಎಂದಳು. ನನಗೆ ನಗು ಬಂತು. ನಾಟಕದವನು ಈ ಸಲ ಗೊಂಚಲನ್ನೂ ಹೊಂದಿಸಿಕೊಂಡಿದ್ದಾನೆ, ಭಾರೀ ಆಸಾಮಿ ಎಂದುಕೊಂಡೆ. ಭೇಷ್ ಎಂದು ಹಸಿರು ನಕ್ಷತ್ರ ಅಂಟಿಸಿದೆ. ಅವಳು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, "ಅವರು ಇನ್ನೂ ಅಲ್ಲೇ ಇದಾರೆ" ಎಂದಳು. "ಇರಲಿ ಬಿಡು, ನಿನ್ನ ಪರೀಕ್ಷೆ ಮುಗೀತು. ಇನ್ನು ಮನೆಗೆ ಓಡು" ಎಂದೆ. ಓಡಲಿಲ್ಲ, ನಡೆದುಕೊಂಡು ಹೋದಳು.

ಎಲ್ಲ ಮಕ್ಕಳೂ ನಗುತ್ತಾ ಬರುತ್ತಿದ್ದವು, ಅವಳು ನಗುತ್ತಿರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಆದರೆ ಬಿದ್ದಿತ್ತು.

ವರದಿ ಮುಗಿಸಿ ಠಾಣೆಯ ಡೈರಿ ತೆಗೆದೆ. ಒಳಗೊಂದು ಚೀಟಿ, ನಾಟಕದವನ ಕೈಬರಹ. "ಅಕ್ಕ, ನನ್ನನ್ನು ಬಂದೋಬಸ್ತಿಗೆ ಹಾಕಿದ್ದಾರೆ. ಮಧ್ಯಾಹ್ನವೇ ಹೊರಟೆ. ಇವತ್ತು ಪರೀಕ್ಷೆ ಇಲ್ಲ."

ಬೀದಿಗೆ ಓಡಿದೆ. ಬೀದಿ ದಿನದ ಹಾಗೇ ಇತ್ತು, ಬಟಾಣಿ ಮಾತ್ರ ಮನೆ ಸೇರಿರಲಿಲ್ಲ. ಹುಡುಕಾಟ ಶುರುಮಾಡಿಸಿದ್ದು ನಾನೇ. ಯಾಕೆ ಎಂದು ಮಾತ್ರ ಹೇಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ, ಪಕ್ಕದೂರಿನ ಬಸ್ ನಿಲ್ದಾಣದಲ್ಲಿ ಕಸ ಗುಡಿಸುವ ಹೆಂಗಸಿಗೆ ಸಿಕ್ಕಳು. ಬೆಂಚಿನ ಮೇಲೆ ಅಲುಗಾಡದೆ ಕೂತಿದ್ದಳಂತೆ, ಆ ಬಟಾಣಿ. ಮೈಮೇಲೆ ಗಾಯವಿಲ್ಲ ಎಂದು ಡಾಕ್ಟರಮ್ಮ ಬರೆದರು. ಕೈಮೇಲೆ ನಕ್ಷತ್ರವೂ ಇರಲಿಲ್ಲ. ಆ ಮನುಷ್ಯ ಇವತ್ತಿನವರೆಗೆ ಸಿಕ್ಕಿಲ್ಲ. ಯಾರು ಏನು ಕೇಳಿದರೂ ಅವಳು ಹೇಳಿದ್ದು ಒಂದೇ: ನಾನು ಠಾಣೆಗೆ ಹೋದೆ, ಆಂಟಿ ಹಸಿರು ನಕ್ಷತ್ರ ಕೊಟ್ಟು ಕ‌ಳಿಸಿಬಿಟ್ಟರು.

ಸಾಹೇಬರು ನನ್ನನ್ನು ಕರೆದು, "ಮಗು ಇಲ್ಲಿಗೆ ಬಂದಿತ್ತಾ?" ಎಂದು ಕೇಳಿದರು. "ಇಲ್ಲ ಸರ್. ಅದು ಕ್ಲಾಸಿನಲ್ಲಿ ಕೊಟ್ಟ ಕೆಂಪು ನಕ್ಷತ್ರ. ಹೆದರಿದ ಮಗು, ಎಲ್ಲ ಕಲಸಿಕೊಂಡಿದೆ" ಎಂದೆ. ಯಾರೂ ನನಗೆ ಸುಳ್ಳು ಹೇಳಿಕೊಡಲಿಲ್ಲ. ನಿಮ್ಮಪ್ಪ ಹಾಸಿಗೆ ಹಿಡಿದಿದ್ದ ವರ್ಷ ಅದು. ಕೆಲಸ ಹೋದರೆ ಗತಿಯೇನು ಎಂದುಕೊಂಡೆ. ಈ ಪಾಠವೇ ನಿಂತುಹೋದರೆ ನೂರಾರು ಮಕ್ಕಳಿಗೆ ನಷ್ಟ ಎಂದೂ ಅಂದುಕೊಂಡೆ. ಎರಡನೆಯದು ಕೇಳಲು ಚೆನ್ನಾಗಿದೆ, ನಿಜವಾದದ್ದು ಮೊದಲನೆಯದು. ನಾಟಕದವನು ವಾಪಸು ಬಂದು ಹಸಿರು ನಕ್ಷತ್ರಗಳ ಹಾಳೆಯಲ್ಲಿ ಹೊಸದಾಗಿ ಖಾಲಿಯಾಗಿದ್ದ ಒಂದು ಜಾಗವನ್ನು ನೋಡಿದ, ನನ್ನನ್ನು ನೋಡಿದ. ತಿಂಗಳೊಳಗೆ ವರ್ಗ ಕೇಳಿಕೊಂಡು ಹೋದ.

ಮಗು ಸಿಕ್ಕ ದಿನದ ಸಂಜೆ ಠಾಣೆಯ ಮುಂದೆ ಜನ ಸೇರಿದರು, ಕಲ್ಲು ಹಿಡಿದವರೂ ಇದ್ದರು. ಬೀಗದವನು ನಮ್ಮ ಮೆಟ್ಟಿಲು ಹತ್ತಿ ಅವರ ಕಡೆ ತಿರುಗಿ ನಿಂತ. "ಈ ಅಮ್ಮ ಸುಳ್ಳು ಹೇಳೋರಲ್ಲ. ನನ್ನ ಮಗಳೇ ಬೈಸಿಕೊಳ್ಳೋ ಭಯಕ್ಕೆ ಕಥೆ ಕಟ್ಟಿದಾಳೆ. ಎಲ್ಲ ಮನೆಗೆ ಹೋಗಿ" ಎಂದ. ಜೀವಮಾನದಲ್ಲಿ ಪೊಲೀಸರನ್ನು ನಂಬದವನು ಒಂದೇ ಒಂದು ಸಲ ನಂಬಿದ, ಅದೂ ತನ್ನ ಕೂಸಿನ ಮಾತನ್ನು ತಳ್ಳಿಹಾಕಿ. ಆ ವರ್ಷದ ಕೊನೆಗೆ, ಜನರ ವಿಶ್ವಾಸ ಗಳಿಸಿದ್ದಕ್ಕೆಂದು ನನಗೆ ಪ್ರಶಸ್ತಿಪತ್ರ ಬಂತು. ಬರುವಾಗ ಅದನ್ನೂ ತಾ, ಶಾಲೆಯಲ್ಲಿ ತೂಗುಹಾಕೋಣ ಎಂದು ನೀನು ಬರೆದಿರುವುದು ಅದರ ವಿಷಯ.

ಇಪ್ಪತ್ತೊಂಬತ್ತು ವರ್ಷದಿಂದ ನಾನು ಓಡುವ ಮಕ್ಕಳ ಮುಖ ನೋಡುತ್ತೇನೆ. ಪಾರ್ಕಿನಲ್ಲಿ, ಬಸ್ಸಿನ ಕಿಟಕಿಯಿಂದ, ಮದುವೆ ಮನೆಯ ಅಂಗಳದಲ್ಲಿ. ನಗುತ್ತಾ ಓಡುವವನ್ನು ಬಿಟ್ಟುಬಿಡುತ್ತೇನೆ. ನಗದೆ ಓಡುವ ಮಗು ಕಂಡರೆ ಎದ್ದು ಹಿಂದೆ ಹೋಗುತ್ತೇನೆ. ಒಂದೆರಡು ಸಲ ತಾಯಂದಿರಿಂದ ಬೈಸಿಕೊಂಡಿದ್ದೇನೆ. ಕಣ್ಣು ಮುಚ್ಚಿದರೆ ಚೌಕಟ್ಟು ಹಿಡಿದ ಆ ಕೈ ಕಾಣುತ್ತದೆ, ಮೇಲೆ ಹಸಿರು.

ಸೋಮವಾರ ಬಟಾಣಿ ಸಲಕರಣೆಗಳನ್ನು ಚೀಲಕ್ಕೆ ತುಂಬುತ್ತಾ ಹೇಳಿದಳು: "ಅಪ್ಪನಿಗೆ ಕಣ್ಣು ಕಾಣಲ್ಲ ಆಂಟಿ, ಎಲ್ಲ ಬೆರಳಲ್ಲೇ. ಅಂಗಡಿ ನಾನೇ ನೋಡ್ಕೋತೀನಿ, ಅವರನ್ನೂ ನಾನೇ ನೋಡ್ಕೋತೀನಿ. ಆದ್ರೂ ಮನೇಲಿ ಒಂದು ಚಮಚ ಕಳೆದ್ರೂ, ನಿಜ ಹೇಳು ಅಂತ ನನ್ನನ್ನೇ ಕೇಳ್ತಾರೆ. ನೀವು ಬಂದು ಒಂದು ಮಾತು ಹೇಳಿದ್ರೆ ಸಾಕು. ಕೇಸು ಗೀಸು ಏನೂ ಬೇಡ, ಅವರು ಇರೋವಾಗ ಒಂದು ಮಾತು." ನಾನು ಅವಳ ಕೂಲಿ ಎಣಿಸಿ ಕೊಟ್ಟೆ. "ಬಾಗಿಲು ಒಂದು ಸಲ ಹಾಕಿ ನೋಡ್ಕೊಳ್ಳಿ, ಸರಿಯಾಗಿ ಬೀಳುತ್ತಾ ಅಂತ" ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಗೊಂಚಲಿನ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

ಇಲ್ಲಿಗೆ ನಿಲ್ಲಿಸುತ್ತೇನೆ. ಹೋಗಬೇಕು ಎಂದು ಗೊತ್ತು. ಇವತ್ತು ಬೇಡ, ಮೊಣಕಾಲು ನೋವು ಎನ್ನುತ್ತಿದೆ ಮನಸ್ಸು.

ಫೆಬ್ರವರಿ ೧೩, ಗುರುವಾರ

ಮೊನ್ನೆ ಹೋಗಿ ಬಂದೆ.

ಅಂಗಡಿ ಹಾಗೇ ಇದೆ. ಅದೇ ಸ್ಟೂಲು, ಒಂದು ಕಾಲು ಮಾತ್ರ ಬದಲಾಗಿದೆ. ಅವನು ಒಂದು ಬೀಗದ ಕೈಯನ್ನು ಅರದಿಂದ ಉಜ್ಜುತ್ತಾ, ಬೆರಳಿನಿಂದ ಹಲ್ಲು ಎಣಿಸುತ್ತಾ ಕೂತಿದ್ದ. ನಾನು ಕೂರುವ ಮೊದಲೇ, "ಪೊಲೀಸಮ್ಮ ಅಲ್ವಾ? ಎಡಗಾಲು ಎಳೀತಿದೀರಿ" ಎಂದ. ಟೀ ತರಿಸಿದ. ಒಳಗೆ ಬಟಾಣಿ ಯಂತ್ರದಲ್ಲಿ ಬೀಗದ ಕೈ ಕೊರೆಯುತ್ತಿದ್ದವಳು ಅದನ್ನು ನಿಲ್ಲಿಸಿದಳು.

ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬರಲಿಲ್ಲ. "ಅವತ್ತು ನಿಮ್ಮ ಮಗಳು ಠಾಣೆಗೆ ಬಂದಿದ್ದಳು" ಎಂದೆ, ಅಷ್ಟೇ.

ಅವನು ಉಜ್ಜುತ್ತಲೇ ಇದ್ದ. "ಅವಳು ಹಸಿರು ಅಂತಿದ್ಳು. ನೀವು ಕೆಂಪು ಅಂದ್ರಿ" ಎಂದ.

"ಹಸಿರು" ಎಂದೆ.

ಅರದ ಸದ್ದು ನಿಂತಿತು. "ಹಾಗಾದ್ರೆ ನಾನು ಅವಳಿಗೆ ಹೊಡೆದಿದ್ದು?" ಎಂದು ಕೇಳಿದ. ಬೈಯಲಿಲ್ಲ ಕಣೇ, ಗಂಟಲೂ ಎತ್ತರಿಸಲಿಲ್ಲ. ಉತ್ತರ ನನ್ನ ಹತ್ತಿರ ಇದೆ ಎಂದುಕೊಂಡವನ ಹಾಗೆ ಕೇಳಿದ. "ನಿಜ ಹೇಳು, ನಿಜ ಹೇಳು ಅಂತ ಹೊಡೆದೆ. ಅವಳು ನಿಜಾನೇ ಹೇಳ್ತಿದ್ಳು."

ಬಟಾಣಿ ಒಳಗಿನಿಂದಲೇ, "ಠಾಣೇಲಿ ಬೆಂಚಿನ ಮೇಲೆ ಒಂದು ಹುಡುಗಿ ಕೂತಿದ್ಳಪ್ಪ. ಅವಳನ್ನ ಕೇಳಿ ಅಂತ ಅವತ್ತೇ ಹೇಳಿದ್ದೆ" ಎಂದಳು. "ನೀನು ಹೇಳಿದ್ದೆ. ನಾನು ಕೇಳಲಿಲ್ಲ" ಎಂದ ಅವನು. ಆಮೇಲೆ ಗಾಳಿಯಲ್ಲಿ ಕೈ ಚಾಚಿ, "ಇಲ್ಲಿ ಬಾರಮ್ಮ, ಕೈ ಕೊಡು" ಎಂದ. ಅವಳು ಬಂದು ಕೈ ಕೊಟ್ಟಳು. ಅದರ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತ, ಏನೋ ಅಂಟಿಕೊಂಡಿದೆಯೇ ಎಂದು ಹುಡುಕುವವನ ಹಾಗೆ. ಕೊನೆಗೆ ನನ್ನ ಕಡೆ ಮುಖ ಮಾಡಿ, "ನೀವಿನ್ನು ಹೋಗಿಯಮ್ಮ" ಎಂದ. ಟೀ ಹಾಗೇ ಬಿಟ್ಟು ಬಂದೆ. ಅವಳು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ.

ನಿನ್ನೆ ಕೂತು ನನ್ನ ಹೇಳಿಕೆಯನ್ನು ಎರಡು ಪ್ರತಿ ಬರೆದೆ. ಒಂದನ್ನು ಠಾಣೆಗೆ ಕೊಟ್ಟೆ. ಅಲ್ಲಿನ ಹೊಸ ಸಾಹೇಬರು ನಿನಗಿಂತ ಚಿಕ್ಕವರಿರಬೇಕು, ಓದಿ ಏನು ಮಾಡಬೇಕೋ ತಿಳಿಯದೆ ನೀರು ಕೊಟ್ಟರು. ಇನ್ನೊಂದನ್ನು ಬಟಾಣಿಗೆ ಕಳಿಸಿದ್ದೇನೆ, ಅವಳು ಏನು ಮಾಡಿದರೂ ಸರಿ. ಪ್ರಶಸ್ತಿಪತ್ರ ಗೋಡೆಯಿಂದ ಇಳಿಸಿದೆ. ನಿನ್ನ ಶಾಲೆಗೆ ಬಂದರೆ ಮಕ್ಕಳ ಮುಂದೆ ನಿಲ್ಲುವುದಿಲ್ಲ, ನಿಮ್ಮ ಠಾಣೆಯವರ ಮುಂದೆ ನಿಲ್ಲುತ್ತೇನೆ. ಮಗು ಓಡಿ ಬಂದರೆ ಎದ್ದು ಅದರ ಜೊತೆ ಮನೆವರೆಗೂ ನಡೆಯಿರಿ, ಆಟವಿರಲಿ ಪರೀಕ್ಷೆಯಿರಲಿ, ನಡೆಯಿರಿ ಎನ್ನುತ್ತೇನೆ. ಅಷ್ಟು ಹೇಳಲು ಕರೆಯುವೆಯಾದರೆ ಬರುತ್ತೇನೆ.

ಮೊಮ್ಮಗಳಿಗೆ ನನ್ನ ಮುತ್ತು. ನಿನ್ನ ಬಾಗಿಲಿಗೆ ಓಡಿ ಬಂದ ಯಾವ ಮಗುವೂ ಒಂಟಿಯಾಗಿ ತಿರುಗಿ ಹೋಗದಿರಲಿ. ಈಗ ನನಗೆ ಬರುವ ಆಶೀರ್ವಾದ ಇದೊಂದೇ.

ನಿನ್ನ
ಅಮ್ಮ

ಮರೆತ ಮಾತು: ಮರೆತಿದ್ದೆ ಎಂದು ಬರೆಯಲು ಹೊರಟಿದ್ದೆ, ಮರೆತಿರಲಿಲ್ಲ. ಆ ಬೆಂಚಿನ ಮೇಲಿನ ಹುಡುಗಿಯ ವಿಷಯ. ಆ ವರ್ಷವೆಲ್ಲ ಶಾಲೆ ಮುಗಿಸಿ ನೀನು ಸೀದಾ ಠಾಣೆಗೇ ಬಂದು ಆ ಬೆಂಚಿನ ಮೇಲೆ ಕೂರುತ್ತಿದ್ದೆ. ಅವತ್ತು ನಾನು ಅವಸರದಲ್ಲಿ ಕೆಂಪು ಹಾಳೆ ತೆಗೆದಾಗ "ಅದಲ್ಲಮ್ಮ, ಹಸಿರು" ಎಂದು ಸರಿಯಾದದ್ದನ್ನು ಕೊಟ್ಟವಳು ನೀನು. ಹಾಳೆಯಿಂದ ನಕ್ಷತ್ರವನ್ನು ಉಗುರಿನಲ್ಲಿ ಬಿಡಿಸಿಕೊಟ್ಟದ್ದೂ ನೀನು. ಮಾರನೆಯ ಸಂಜೆ, ಜನ ಚದುರಿದ ಮೇಲೆ, ನಿನ್ನನ್ನು ಅಡುಗೆ ಕಟ್ಟೆಯ ಮೇಲೆ ಕೂರಿಸಿ, ಎರಡೂ ಕೈ ಹಿಡಿದುಕೊಂಡು, "ನಿನ್ನೆ ನೋಡಿದ್ದನ್ನ ಯಾರಿಗೂ ಹೇಳಬೇಡ, ಅಪ್ಪನಿಗೂ ಹೇಳಬೇಡ, ಇದು ನಮ್ಮಿಬ್ಬರದೇ ಗುಟ್ಟು" ಎಂದೆ. ನಿನಗೆ ಒಂಬತ್ತು ವರ್ಷ. ಮೂರನೇ ಮಾತು ನಿನಗೆ ಬಾಯಿಪಾಠವಾಗಿತ್ತು. ನೀನು ನನ್ನ ಮುಖವನ್ನೇ ನೋಡಿ "ಸರಿ" ಎಂದೆ.

ಆಮೇಲೆ ನೀನು ನನಗೆ ಏನನ್ನೂ ಹೇಳಲಿಲ್ಲ. ಹಾಸ್ಟೆಲಿನಲ್ಲಿ ಎರಡು ವಾರ ಜ್ವರದಲ್ಲಿ ಮಲಗಿದ್ದು ನಿನ್ನ ಗೆಳತಿಯಿಂದ ತಿಳಿಯಿತು. ಗಂಡನ ಮನೆ ಬಿಟ್ಟದ್ದು, ಬಿಟ್ಟು ನಾಲ್ಕು ತಿಂಗಳಾದ ಮೇಲೆ ತಿಳಿಯಿತು. ನನ್ನ ಮಗಳು ಗಟ್ಟಿ, ಬಾಯಿ ಬಿಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಅದನ್ನು ಕಲಿಸಿದವಳು ನಾನು. ಹೇಳಬೇಡ ಎಂದದ್ದನ್ನು ಈ ಕಾಗದದಲ್ಲಿ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಯಾರಿಗೆ ಬೇಕಾದರೂ ಹೇಳು, ಮೊದಲು ನಿನ್ನ ಮಗಳಿಗೆ ಹೇಳು. ಬೇರೆ ಏನಾದರೂ ಒಳಗೆ ಇಟ್ಟುಕೊಂಡಿದ್ದರೆ ಅದನ್ನೂ ಹೇಳು.

ಕಾಗದ ಸಿಕ್ಕ ದಿನ ಫೋನ್ ಮಾಡು. ಒಲೆಯ ಮೇಲೆ ಹಾಲಿರುವುದಿಲ್ಲ.